ಸೆನ್ಸರ್ ಕೊಳ್ಳುವ ಮೊದಲು ಅರ್ಥ್ ವೈರ್ ನೋಡಿ

ಹಳೇ ಗಾಡಿಯಲ್ಲಿ ಚೆಕ್ ಎಂಜಿನ್ ಲೈಟ್ ಹತ್ತಿದ ಕೂಡಲೇ ಯಾರೋ ಸ್ಕ್ಯಾನರ್ ಹಾಕಿ ಒಂದು ಕೋಡ್ ಬರೆದುಕೊಟ್ಟಿರುತ್ತಾರೆ. ಆ ಚೀಟಿ ಹಿಡಿದು ಹುಬ್ಬಳ್ಳಿಯ ನಮ್ಮ ಗ್ಯಾರೇಜಿಗೆ ಬರುವವರ ಮೊದಲ ಮಾತು, "ಸೆನ್ಸರ್ ಹೋಗೇತಂತ್ರೀ, ಹೊಸಾದ್ ಹಾಕಿಬಿಡ್ರಿ."

ಕೋಡ್ ಅಷ್ಟೆಲ್ಲ ಹೇಳುವುದಿಲ್ಲ. ಈ ಸರ್ಕಿಟ್ಟಿನಿಂದ ಬಂದ ಲೆಕ್ಕ ಸರಿಯಿಲ್ಲ ಅನ್ನುತ್ತದೆ, ಅಷ್ಟೇ. ಕೆಟ್ಟಿರುವುದು ಸೆನ್ಸರೋ, ಅದಕ್ಕೆ ವೈರ್ ಜೋಡಿಸುವ ಕಪ್ಲರೋ, ಇಲಿ ಕಡಿದ ವೈರೋ ಅನ್ನುವುದನ್ನು ನಾವೇ ಹುಡುಕಬೇಕು. ಹದಿನೈದು ವರ್ಷ ದಾಟಿದ ಗಾಡಿಯಲ್ಲಿ ನಾನು ಮೊದಲು ಅನುಮಾನ ಪಡುವುದು ವೈರಿನ ಮೇಲೆ. ಇನ್ನೊಂದು ಮಾತು: ಅಗ್ಗದ ಬ್ಲೂಟೂತ್ ಸ್ಕ್ಯಾನರ್ 2013ಕ್ಕಿಂತ ಹಿಂದಿನ ಎಷ್ಟೋ ಗಾಡಿಗಳ ಜೊತೆ ಮಾತೇ ಆಡುವುದಿಲ್ಲ. ಅಲ್ಲಿ ವೋಲ್ಟ್ ಅಳೆಯುವ ಮಲ್ಟಿಮೀಟರೇ ಗತಿ.

ಮೊದಲ ಪರೀಕ್ಷೆ ಅರ್ಥಿನದು, ಅಂದರೆ ಎಂಜಿನ್ನನ್ನು ಬ್ಯಾಟರಿಯ ಮೈನಸ್‌ಗೆ ಸೇರಿಸುವ ವೈರಿನದು. ಎಂಜಿನ್ ಚಾಲೂ ಇಟ್ಟು ಹೆಡ್‌ಲೈಟ್ ಹಾಕಿ. ಮೀಟರಿನ ಒಂದು ವೈರ್ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿಯಿರಿ. 0.1 ವೋಲ್ಟಿನೊಳಗೆ ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ಅರ್ಥ್ ಪಟ್ಟಿ ತುಕ್ಕು ಹಿಡಿದಿದೆ ಎಂದೇ ಲೆಕ್ಕ. ಆಗ ಚೆನ್ನಾಗಿರುವ ಸೆನ್ಸರ್ ಕೂಡ ಸುಳ್ಳು ಹೇಳುತ್ತದೆ. ಬೋಲ್ಟ್ ಬಿಚ್ಚಿ ಉಜ್ಜಿ ಬಿಗಿಯಲು ಖರ್ಚೇನೂ ಇಲ್ಲ.

ಮೂರು ವೈರಿನ ಎಷ್ಟೋ ಸೆನ್ಸರುಗಳಿಗೆ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) 5 ವೋಲ್ಟ್ ಕೊಡುತ್ತದೆ. ಸಾಮಾನ್ಯವಾಗಿ ಒಂದೇ ಲೈನನ್ನು ಹಲವು ಸೆನ್ಸರ್ ಹಂಚಿಕೊಂಡಿರುತ್ತವೆ. ಒಂದು ಒಳಗೆ ಶಾರ್ಟ್ ಆದರೆ ಉಳಿದವೂ ಮಲಗುತ್ತವೆ. ಹಾಗಾಗಿ ಒಟ್ಟಿಗೇ ಮೂರು ನಾಲ್ಕು ಸೆನ್ಸರಿನ ಕೋಡ್ ಬಂದರೆ ಎಲ್ಲವನ್ನೂ ಕೊಳ್ಳಲು ಹೋಗಬೇಡಿ. ಒಂದೊಂದೇ ಕಪ್ಲರ್ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬರುತ್ತದೋ ಅದೇ ಕಳ್ಳ, ಇಲ್ಲವೇ ಅದಕ್ಕೆ ಹೋಗುವ ವೈರ್.

ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸೈಲೆನ್ಸರಿನಲ್ಲಿ ಕರಿ ಹೊಗೆ ಅಂದರೆ ಕೂಲಂಟ್ ಅಂದರೆ ಎಂಜಿನ್ ತಣ್ಣಗಿಡುವ ನೀರಿನ ಬಿಸಿ ಅಳೆಯುವ ಟೆಂಪರೇಚರ್ ಸೆನ್ಸರನ್ನು ಮರೆಯಬೇಡಿ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಸ್ಕ್ಯಾನರ್ ಹಾಕಿ. ಕೂಲಂಟ್ ಬಿಸಿ, ಒಳಗೆ ಹೋಗುವ ಗಾಳಿಯ ಬಿಸಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಕೂಲಂಟ್ ಮೈನಸ್ 40 ಡಿಗ್ರಿ ತೋರಿಸಿದರೆ ವೈರ್ ಎಲ್ಲೋ ಕಡಿದಿದೆ, ಇಲ್ಲವೇ ಸೆನ್ಸರ್ ಒಳಗೇ ತುಂಡಾಗಿದೆ. ಧಾರವಾಡದ ಚಳಿ ಎಷ್ಟೇ ಇದ್ದರೂ ಅಷ್ಟಿಲ್ಲ ಅಲ್ವಾ? ಎರಡು ವೈರಿನ ಸೆನ್ಸರ್ ಆಗಿದ್ದರೆ ಕಪ್ಲರ್ ಬಿಚ್ಚಿ, ವೈರಿನ ಕಡೆಯ ಎರಡು ಪಿನ್ ಒಂದು ತುಂಡು ವೈರಿನಿಂದ ಜೋಡಿಸಿ. ಸ್ಕ್ಯಾನರಿನಲ್ಲಿ ಬಿಸಿ ಒಮ್ಮೆಲೇ 100 ದಾಟಿದರೆ ವೈರಿಂಗ್, ಇಸಿಎಂ ಎರಡೂ ಚೆನ್ನಾಗಿವೆ. ಆಗ ಮಾತ್ರ ಸೆನ್ಸರ್ ಬದಲಿಸಿ. ಮೂರು ವೈರಿನದಕ್ಕೆ ಈ ಆಟ ಬೇಡ.

ಎಂಜಿನ್ನಿನೊಳಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ವಿಷಯದಲ್ಲಿ ನಮ್ಮೂರಿನ ಎತ್ತರ ನೆನಪಿರಲಿ. ಕೀ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ ನೋಡಿದರೆ ಅದು ಹೊರಗಿನ ಗಾಳಿಯ ಒತ್ತಡ ತೋರಿಸಬೇಕು. ಪುಸ್ತಕದಲ್ಲಿ 101 ಕಿಲೋಪಾಸ್ಕಲ್ ಅಂತಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ, ಕಾರವಾರದಲ್ಲಿ ಸರಿ. ಹುಬ್ಬಳ್ಳಿ 600 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ಸುಮಾರು 94 ಬಂದರೆ ಸೆನ್ಸರ್ ಸರಿಯೇ ಇದೆ.

ಪಿ0171 ಕೋಡ್ ಬಂದರೆ, ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಮಾರುವವರಿಗೆ ಹಬ್ಬ. ಆದರೆ ಆ ಕೋಡಿನ ಅರ್ಥ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ. ಬಿರಿದ ರಬ್ಬರ್ ಪೈಪ್ ನೋಡಿ, ಫ್ಯುಯಲ್ ಪಂಪ್ ನೋಡಿ.

ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಚಾಲೂ ಆಗುವ ಗಾಡಿಯ ಕಥೆ ಬೇರೆ. ಅಲ್ಲಿ ಮೊದಲ ಅನುಮಾನ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ. ನಿಂತ ಜಾಗದಲ್ಲೇ ಸೆಲ್ಫ್ ಹೊಡೆಯುತ್ತಾ ಸ್ಕ್ಯಾನರಿನಲ್ಲಿ ಆರ್‌ಪಿಎಂ ನೋಡಿ. ಎಂಜಿನ್ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ ಸಿಗ್ನಲ್ ಬರುತ್ತಿಲ್ಲ. ಒದ್ದೆ ಬಟ್ಟೆಯಿಂದ ಸೆನ್ಸರ್ ತಣ್ಣಗೆ ಮಾಡಿದ ಕೂಡಲೇ ಚಾಲೂ ಆದರೆ ಇನ್ನು ಯೋಚಿಸುವುದೇನೂ ಇಲ್ಲ. ಗ್ಯಾರೇಜಿಗೆ ತರುವಷ್ಟರಲ್ಲಿ ತಣ್ಣಗಾದರೆ ಮೀಟರ್ ಎಲ್ಲ ಸರಿ ಅಂತಲೇ ಹೇಳುತ್ತದೆ.

ಕೆಲಸ ಮುಗಿದ ಮೇಲೆ ಕೋಡ್ ಅಳಿಸಿ, ಧಾರವಾಡಕ್ಕೆ ಒಮ್ಮೆ ಹೋಗಿ ಬನ್ನಿ. ಹೋಗೋಕೆ ಸುಮಾರು 20 ಕಿಲೋಮೀಟರ್, ಬರೋಕೆ ಅಷ್ಟೇ. ಲೈಟ್ ಹತ್ತದಿದ್ದರೆ ಬಿಲ್ ಮಾತು ಆಮೇಲೆ ಆಡೋಣ.