ಫಿಲಾಸಫಿ ಓದಿದ್ರೆ ತಲೆಗೇ ಹತ್ತಲ್ಲ, ಡಿಗ್ರಿಗೆ ತಗೋಬಹುದಾ?

ಒಂದು ಗಂಟೆ ಕೂತ್ರೂ ನಾಲ್ಕು ಪುಟ ಮುಂದೆ ಹೋಗಲ್ಲ, ಈ ಸಬ್ಜೆಕ್ಟ್ ನಂಗೆ ಆಗಿಬರಲ್ವೇನೋ ಅಂತ ಸುಮಾರು ಜನ ಕೇಳ್ತಾರೆ. ಆಗಿಬರುತ್ತೆ ರೀ, ಇದನ್ನ ಓದೋದೇ ಹಾಗೆ, ಕಾದಂಬರಿ ಸ್ಪೀಡಲ್ಲಿ ಓಡ್ಸಿದ್ರೆ ಪಾಠ ಮಾಡೋರಿಗೂ ಏನೂ ದಕ್ಕಲ್ಲ.

ಒಂದು ಉದಾಹರಣೆ ನೋಡಿ. ಒಂದು ವಿಷಯ ನಮಗೆ ಗೊತ್ತಿದೆ ಅಂತ ಯಾವಾಗ ಹೇಳ್ಬಹುದು? ನಾವು ಅದನ್ನ ನಂಬಿರ್ಬೇಕು, ಅದು ನಿಜ ಆಗಿರ್ಬೇಕು, ನಂಬೋಕೆ ಒಳ್ಳೆ ಕಾರಣಾನೂ ಇರ್ಬೇಕು, ಇಷ್ಟಿದ್ರೆ ಸಾಕು ಅನ್ಸುತ್ತೆ ಅಲ್ವಾ. ಈಗ ಗೋಡೆ ಗಡಿಯಾರ ನೋಡ್ತೀರ, ಮೂರು ಗಂಟೆ ತೋರಿಸ್ತಿದೆ, ನಿಜವಾಗ್ಲೂ ಆಗ ಮೂರೇ ಗಂಟೆ, ಆದ್ರೆ ಆ ಗಡಿಯಾರ ನಿನ್ನೆ ಮಧ್ಯಾಹ್ನಾನೇ ನಿಂತೋಗಿದೆ. ಹಾಗಾದ್ರೆ ನಿಮಗೆ ಟೈಮ್ ಗೊತ್ತಿತ್ತಾ? ಮೂರೂ ಕಂಡೀಷನ್ ಇದೆ, ಆದ್ರೂ ಹೂಂ ಅನ್ನೋಕೆ ಬಾಯಿ ಬರಲ್ಲ. ಇದು ಬ್ರಿಟಿಷ್ ಫಿಲಾಸಫರ್ ಬರ್ಟ್ರಂಡ್ ರಸೆಲ್ ಕೊಟ್ಟ ಉದಾಹರಣೆ. ಇಂಥದ್ದೇ ಎರಡು ಕೇಸ್ ಇಟ್ಕೊಂಡು ಅಮೆರಿಕದ ಫಿಲಾಸಫರ್ ಎಡ್ಮಂಡ್ ಗೆಟಿಯರ್ 1963ರಲ್ಲಿ ಬರೀ ಮೂರು ಪುಟದ ಲೇಖನ ಬರೆದ್ರು, ಅದಕ್ಕೆ ಉತ್ತರ ಕೊಡೋಕೆ ಇವತ್ತಿಗೂ ಒದ್ದಾಡ್ತಿದಾರೆ. ಆ ಮೂರು ಪುಟಕ್ಕೆ ನೀವು ಒಂದು ವಾರ ತಗೊಂಡ್ರೆ ತಪ್ಪೇನಿಲ್ಲ.

ಓದೋವಾಗ ಮೊದಲ ಸಲ ಬರೆದೋರು ಏನು ಸಾಧಿಸೋಕೆ ಹೊರಟಿದಾರೆ ಅಂತ ಅಷ್ಟೇ ಹುಡುಕಿ, ಮಿಕ್ಕಿದ್ದು ಅರ್ಥ ಆಗ್ದಿದ್ರೆ ಬಿಟ್ಟಾಕಿ. ಎರಡನೇ ಸಲ ಕಾರಣಗಳನ್ನ ನಿಮ್ಮ ಮಾತಲ್ಲೇ ಪಕ್ಕದಲ್ಲಿ ಬರ್ಕೊಳ್ಳಿ, ಆಮೇಲೆ ಯಾವ ಕಾರಣ ಅಲ್ಲಾಡ್ತಿದೆ ಅಂತ ತಾನಾಗೇ ಕಾಣೋಕೆ ಶುರು ಆಗುತ್ತೆ.

ಲಾಜಿಕ್ ಪೇಪರ್ ಬಗ್ಗೆ ಭಯ ಬೇಡ. ಮಳೆ ಬಂದ್ರೆ ರಸ್ತೆ ಒದ್ದೆ ಆಗುತ್ತೆ, ರಸ್ತೆ ಒದ್ದೆ ಆಗಿದೆ, ಅಂದ್ಮೇಲೆ ಮಳೆ ಬಂದಿದೆ ಅನ್ನೋದು ಯಾಕೆ ತಪ್ಪು ಅಂತ ಗೊತ್ತಾದ್ರೆ ಶುರು ಮಾಡೋಕೆ ಅಷ್ಟು ಸಾಕು (ಯಾರೋ ನೀರು ಚೆಲ್ಲಿರಬಹುದಲ್ಲ).

ನಿಜವಾಗ್ಲೂ ಬೆವರಿಳಿಸೋದು ಪ್ರಬಂಧ. ನನಗೆ ಹೀಗನ್ಸುತ್ತೆ ಅಂತ ಪುಟ ತುಂಬಿಸಿದ್ರೆ ಮಾರ್ಕ್ಸ್ ಬರಲ್ಲ, ನಿಮ್ಮ ವಾದಕ್ಕೆ ಬರಬಹುದಾದ ಅತಿ ಗಟ್ಟಿ ಆಕ್ಷೇಪ ನೀವೇ ಎತ್ತಿ ನೀವೇ ಉತ್ತರ ಕೊಡ್ಬೇಕು. ಬೇಕಂತ ಸಣಕಲು ಆಕ್ಷೇಪ ಇಟ್ಟು ಹೊಡೆದುಹಾಕಿದ್ರೆ ಓದೋರಿಗೆ ತಕ್ಷಣ ಗೊತ್ತಾಗುತ್ತೆ.

ಬದುಕಿಗೆ ರೆಡಿಮೇಡ್ ಉತ್ತರ ಬೇಕು ಅಂತ ಬರೋರಿಗೆ ಮಾತ್ರ ನಾನು ಬೇಡ ಅಂತೀನಿ. ಇನ್ನೂ ಡೌಟ್ ಇದ್ರೆ ಫ್ರೆಂಚ್ ಫಿಲಾಸಫರ್ ಡೆಕಾರ್ಟ್ 1641ರಲ್ಲಿ ಪ್ರಕಟಿಸಿದ ಮೆಡಿಟೇಷನ್ಸ್ ಅನ್ನೋ ಪುಸ್ತಕದ ಮೊದಲ ಭಾಗ ಓದಿ ನೋಡಿ, ಕೆಲವೇ ಪುಟ. ಅವನ ಜೊತೆ ಜಗಳ ಆಡ್ಬೇಕು ಅನ್ಸಿದ್ರೆ ಅಡ್ಮಿಷನ್ ಮಾಡಿಸಿ.