ಒಂದು ಆಲಕ್ಕೆ ಹತ್ತು ಸಸಿ ಎಂಬ ಲೆಕ್ಕ

ರಸ್ತೆ ಅಗಲೀಕರಣಕ್ಕೆ ಮೊದಲು ಸಿದ್ಧವಾಗುವ ಮರಗಳ ಪಟ್ಟಿಯಲ್ಲಿ ಜಾತಿ, ಬುಡದ ಸುತ್ತಳತೆ, ಅಂದಾಜು ಬೆಲೆ ಎಲ್ಲವೂ ಇರುತ್ತವೆ. ಧಾರವಾಡದ ಸುತ್ತಮುತ್ತ ಇಂಥ ಪಟ್ಟಿಗಳನ್ನು ಪರಿಶೀಲಿಸುವ ಸಸ್ಯತಜ್ಞನಾಗಿ ನನ್ನ ಆಕ್ಷೇಪ ಪ್ರತಿ ಸಲವೂ ಒಂದೇ: ಆಲ, ಅತ್ತಿ, ಬಸರಿ, ಅರಳಿಗಳನ್ನು ಗುಲ್‌ಮೊಹರ್ ಸಾಲಿನಲ್ಲಿಯೇ ಎಣಿಸಿ, ಕಡಿದ ಒಂದಕ್ಕೆ ಹತ್ತು ಸಸಿ ನೆಟ್ಟರೆ ನಷ್ಟ ತುಂಬಿತೆಂದು ಬರೆಯುವುದು ತಪ್ಪು.

ಅಮೆರಿಕದ ಪರಿಸರ ವಿಜ್ಞಾನಿ ರಾಬರ್ಟ್ ಪೇನ್ 1963ರಲ್ಲಿ ವಾಷಿಂಗ್ಟನ್ ರಾಜ್ಯದ ಕಡಲತೀರದ ಬಂಡೆಗಳಿಂದ ಒಂದು ಜಾತಿಯ ನಕ್ಷತ್ರಮೀನುಗಳನ್ನು ತೆಗೆದುಹಾಕತೊಡಗಿದರು. ಅವು ತಿನ್ನುತ್ತಿದ್ದ ಮಸೆಲ್ ಚಿಪ್ಪುಜೀವಿಗಳು ಬಂಡೆಯನ್ನೆಲ್ಲ ಆವರಿಸಿದವು; 15 ಪ್ರಭೇದಗಳಿದ್ದಲ್ಲಿ 8 ಉಳಿದವು. ತನ್ನ ಸಂಖ್ಯೆಗೆ ಮೀರಿದ ಪ್ರಭಾವವನ್ನು ಇಡೀ ಆಹಾರ ಜಾಲದ ಮೇಲೆ ಬೀರುವ ಇಂಥ ಜೀವಿಯನ್ನು ಅವರು 1969ರಲ್ಲಿ ಕೀಸ್ಟೋನ್ ಪ್ರಭೇದವೆಂದು ಕರೆದರು. ಅದು ಬೇಟೆಯಾಡುವ ಜೀವಿಯೇ ಆಗಿರಬೇಕೆಂದಿಲ್ಲ, ಮರವೂ ಆಗಬಹುದು; ಆಲ, ಅತ್ತಿ, ಬಸರಿ, ಅರಳಿಗಳ ಬಳಗ ಅಂಥದ್ದು.

ಅತ್ತಿಯ ಎಳೆಗಾಯಿಯನ್ನು ಸೀಳಿ ಭೂತಗನ್ನಡಿ ಹಿಡಿದರೆ, ಒಳಗೋಡೆಯ ತುಂಬ ಒತ್ತೊತ್ತಾಗಿ ಕೂತ ಹೂಗಳು ಕಾಣುತ್ತವೆ. ತುದಿಯ ಕಿಂಡಿಯಲ್ಲಿ ನುಸುಳುವ ಪುಟ್ಟ ಕಣಜ ಸಾಮಾನ್ಯವಾಗಿ ರೆಕ್ಕೆ ಹರಿದುಕೊಂಡೇ ಒಳಸೇರಿ, ಹೊತ್ತು ತಂದ ಪರಾಗವನ್ನು ಹೂಗಳಿಗೆ ಸವರಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ಅಲ್ಲಿಯೇ ಹುಟ್ಟುವ ರೆಕ್ಕೆಯಿಲ್ಲದ ಗಂಡುಗಳು ಹೆಣ್ಣುಗಳೊಡನೆ ಕೂಡಿ, ಕಾಯಿಯ ಗೋಡೆ ಕೊರೆದು, ಅವುಗಳಿಗೆ ಹೊರದಾರಿ ಮಾಡಿಕೊಡುತ್ತವೆ. ಹಣ್ಣಿನೊಳಗೆ ಹುಳುವೆಂದು ನಾವು ಹೇಸುವುದು ಈ ಕೀಟಗಳಿಗೇ; ಇವಿಲ್ಲದೆ ಅತ್ತಿಯಲ್ಲಿ ಬೀಜ ಕಟ್ಟದು. ಹೊರಬಂದ ಹೆಣ್ಣಿನ ಆಯುಷ್ಯ ಒಂದೆರಡು ದಿನ. ಅಷ್ಟರೊಳಗೆ ಅದೇ ಜಾತಿಯ ಇನ್ನೊಂದು ಮರದಲ್ಲಿ ತಕ್ಕ ಹದದ ಎಳೆಗಾಯಿ ಅದಕ್ಕೆ ಸಿಗಬೇಕು. ಒಂದೊಂದು ಮರ ಒಂದೊಂದು ಕಾಲಕ್ಕೆ ಕಾಯಿ ಬಿಡುವುದರಿಂದ ಇದು ಸಾಧ್ಯವಾಗುತ್ತದೆ, ಸಾಕಷ್ಟು ಮರಗಳಿದ್ದರೆ ಮಾತ್ರ.

ಹೀಗಾಗಿ ವರ್ಷವಿಡೀ ಎಲ್ಲಾದರೂ ಒಂದು ಕಡೆ ಹಣ್ಣಿರುತ್ತದೆ. ಮಾವು, ಕವಳಿ, ನೇರಳೆಗಳ ಸುಗ್ಗಿ ಕೆಲವೇ ವಾರಗಳಲ್ಲಿ ಮುಗಿದ ಮೇಲೆ ಕುಟ್ರಹಕ್ಕಿ, ಪಿಕಳಾರ, ಕೋಗಿಲೆ, ಹಸಿರು ಪಾರಿವಾಳ, ಮಂಗಟ್ಟೆ, ಬಾವಲಿಗಳು ಆಲ, ಅತ್ತಿಗಳನ್ನೇ ಅರಸಿ ಬರುತ್ತವೆ. ಶ್ರೀಗಂಧ, ಬೇವು, ನೇರಳೆಯ ಬೀಜಗಳನ್ನು ಬೇಲಿಯಿಂದ ಬೇಲಿಗೆ ಸಾಗಿಸುವವೂ ಇವೇ. ಆಲ, ಅತ್ತಿಗಳೂ ಇಲ್ಲವಾಗಿ, ಬೇರೆ ಹಣ್ಣು ಸಿಗದ ಆ ತಿಂಗಳುಗಳಲ್ಲಿ ಹಕ್ಕಿಗಳು ಊರು ಬಿಟ್ಟರೆ, ಆಲಕ್ಕೆ ಸಂಬಂಧವೇ ಇಲ್ಲದ ಗಂಧದ ಸಸಿಯೂ ಹುಟ್ಟುವುದು ಕಡಿಮೆಯಾಗುತ್ತದೆ.

ದೊಡ್ಡ ಮರಗಳೆಲ್ಲ ಕೀಸ್ಟೋನ್ ಅಲ್ಲ. ಬೇವು ನಮ್ಮಲ್ಲಿ ಹೇರಳವಾಗಿದೆ, ಉಪಕಾರಿಯೂ ಹೌದು, ಆದರೆ ಅದು ಹಣ್ಣಾಗುವುದು ಒಂದೇ ಕಾಲದಲ್ಲಿ. ಆದ್ದರಿಂದ ಪಟ್ಟಿಯಲ್ಲಿ ಆಲದ ಬಳಗಕ್ಕೆ ಪ್ರತ್ಯೇಕ ಕಲಂ ಇರಬೇಕು. ಸುತ್ತಲ ಎಷ್ಟು ದೂರದಲ್ಲಿ ಅದೇ ಜಾತಿಯ ಇನ್ನೊಂದು ಮರವಿದೆ ಎಂಬುದನ್ನೂ ಅಲ್ಲಿ ನಮೂದಿಸಬೇಕು. ಕಡಿಯುವುದು ಅನಿವಾರ್ಯವಾದರೆ, ಅದೇ ಮರದ ತೋಳುದಪ್ಪದ ಕೊಂಬೆಗಳನ್ನು ಮುಂಗಾರಿನ ಆರಂಭದಲ್ಲಿ ಹೊಸ ರಸ್ತೆಯ ಅಂಚಿನಾಚೆ ನೆಡಬಹುದು. ಆಲ ಕೊಂಬೆಯಿಂದಲೇ ಬೇರು ಬಿಡುತ್ತದೆ.