ಎಫ್‌ಐಆರ್‌ಗೂ ಮೊದಲೇ ತೀರ್ಪು ಹೇಗೆ ಬರುತ್ತದೆ?

ಪ್ರಶ್ನೆ: ಎಲ್ಲಿಯೋ ಗಲಭೆಯೋ ಕೊಲೆಯೋ ನಡೆದ ಅರ್ಧ ಗಂಟೆಯೊಳಗೆ, ಮಾಡಿದವರು ಯಾರೆಂದು ಪೊಲೀಸರಿಗೇ ತಿಳಿಯದಿರುವಾಗ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಇದು ಆ ಪಕ್ಷದವರದ್ದೇ ಕೆಲಸ’ ಎಂಬ ಜಗಳ ಶುರುವಾಗಿರುತ್ತದೆ. ಇಷ್ಟು ಬೇಗ, ಇಷ್ಟು ಖಚಿತವಾಗಿ ಹೇಳಲು ಜನರಿಗೆ ಹೇಗೆ ಸಾಧ್ಯವಾಗುತ್ತದೆ?
ಓದುಗರೊಬ್ಬರು, ಮಂಡ್ಯ

ಉತ್ತರ: ಅವರು ಘಟನೆಯನ್ನು ನೋಡಿ ತೀರ್ಮಾನಕ್ಕೆ ಬಂದಿರುವುದಿಲ್ಲ, ಅದರಿಂದಲೇ ಸಾಧ್ಯವಾಗುತ್ತದೆ. ಯಾರ ಮೇಲೆ ಹೊರಿಸಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಊರಿನ ಹೆಸರು ಮತ್ತು ದಿನಾಂಕವನ್ನಷ್ಟೇ ಆಮೇಲೆ ತುಂಬಿಕೊಳ್ಳುತ್ತಾರೆ.

2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ವೇಳೆ ಘರ್ಷಣೆಯಾಗಿ ಅಂಗಡಿಗಳಿಗೆ ಬೆಂಕಿ ಬಿದ್ದ ಮರುದಿನ, ನಮ್ಮ ನೆಂಟರ ಗುಂಪಿಗೆ ಒಂದು ವಿಡಿಯೊ ಬಂತು. ಮೇಲೆ ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂದು ಸೂಚಿಸುವ ಜೋಡಿ ಬಾಣದ ಗುರುತಿತ್ತು. ಉರಿಯುತ್ತಿದ್ದ ಅಂಗಡಿಯ ಬೋರ್ಡಿನಲ್ಲಿ ಒಂದಕ್ಷರವೂ ಕನ್ನಡದ್ದಾಗಿರಲಿಲ್ಲ. ‘ಮಾವ, ಆ ಬೋರ್ಡ್ ನೋಡಿ, ಇದು ನಮ್ಮ ಕಡೆಯದಲ್ಲ’ ಎಂದು ಬರೆದೆ. ‘ಬೋರ್ಡ್ ಬಿಡಪ್ಪ, ಅಂಗಡಿ ಸುಟ್ಟಿರೋದು ಸುಳ್ಳಾ?’ ಎಂದು ಉತ್ತರ ಬಂತು. ಮಾವ ಸುಳ್ಳುಗಾರರಲ್ಲ. ಆ ವಿಡಿಯೊ ಅವರಿಗೆ ಸಾಕ್ಷ್ಯವಾಗಿರಲಿಲ್ಲ, ತಾವು ಯಾವ ಕಡೆ ನಿಂತಿದ್ದೇವೆಂದು ತೋರಿಸುವ ಬಾವುಟವಾಗಿತ್ತು.

ಅಮೆರಿಕದ ಸಾಮಾಜಿಕ ಮನೋವಿಜ್ಞಾನಿ ಥಾಮಸ್ ಪೆಟಿಗ್ರೂ ಈ ಬುದ್ಧಿಯನ್ನು 1979ರಲ್ಲೇ ವಿವರಿಸಿದ್ದರು: ತಪ್ಪು ನಮ್ಮವನದಾದರೆ ಸಂದರ್ಭವನ್ನು ದೂರುತ್ತೇವೆ, ಎದುರಿನವನದಾದರೆ ಅವರ ಜಾಯಮಾನವೇ ಅಂಥದ್ದು ಎನ್ನುತ್ತೇವೆ. ನಮ್ಮಲ್ಲಿ ಇದು ನಡೆಯುವ ಬಗೆ ಎಲ್ಲರಿಗೂ ಪರಿಚಿತ. ಸಿಕ್ಕಿಬಿದ್ದವನು ನಮ್ಮ ಕಡೆಯವನಾದರೆ ‘ಕುಡಿದಿದ್ದ’, ‘ತಲೆ ಕೆಟ್ಟಿತ್ತು’, ‘ಪಕ್ಷಕ್ಕೂ ಅವನಿಗೂ ಸಂಬಂಧವಿಲ್ಲ’ ಎಂಬ ಮಾತುಗಳು ಬರುತ್ತವೆ. ಆ ಕಡೆಯವನಾದರೆ ಯಾವ ನಾಯಕನ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದ ಎಂದು ಫೇಸ್‌ಬುಕ್ ಜಾಲಾಡಲಾಗುತ್ತದೆ. ಒಂದೇ ಬೀಗರೂಟದ ಪಂಕ್ತಿಯಲ್ಲಿ ಮೂರೂ ಪಕ್ಷದವರು ಕೂರುವ ಈ ಜಿಲ್ಲೆಯಲ್ಲಿ ಫೋಟೊ ಏನನ್ನು ಸಾಬೀತುಪಡಿಸುತ್ತದೆಯೋ ನನಗಂತೂ ತಿಳಿಯದು. ಇದಕ್ಕೆ ಜಾಲತಾಣಗಳ ಲಾಭವೂ ಸೇರಿಕೊಂಡಿದೆ. ಅಮೆರಿಕದ ಮಾಧ್ಯಮಗಳು ಮತ್ತು ಸಂಸದರ ಸುಮಾರು 27 ಲಕ್ಷ ಪೋಸ್ಟ್‌ಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎದುರು ಬಣವನ್ನು ಹೆಸರಿಸುವ ಒಂದೊಂದು ಪದವೂ ಪೋಸ್ಟ್ ಹಂಚಿಕೆಯಾಗುವ ಸಂಭವವನ್ನು ಶೇ 67ರಷ್ಟು ಹೆಚ್ಚಿಸುತ್ತಿತ್ತು.

ಅಧಿಕೃತ ಮಾಹಿತಿ ತಡವಾದಷ್ಟೂ ಊಹೆಗೆ ಜಾಗ ಹೆಚ್ಚು. 1948ರ ಜನವರಿ 30ರ ಸಂಜೆ ಗಾಂಧೀಜಿಯವರ ಹತ್ಯೆಯ ಸುದ್ದಿಯ ಜೊತೆಗೇ ಹಂತಕ ಒಬ್ಬ ಹಿಂದೂ ಎಂಬುದನ್ನೂ ರೇಡಿಯೊದಲ್ಲಿ ತಿಳಿಸಿದ್ದು, ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಆ ದಿನಗಳಲ್ಲಿ ದೊಡ್ಡ ರಕ್ತಪಾತವನ್ನು ತಡೆಯುವುದಕ್ಕಾಗಿ. 2024ರ ಜುಲೈ 29ರಂದು ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ ಮೂವರು ಬಾಲಕಿಯರನ್ನು ಇರಿದು ಕೊಂದಾಗ ಹೀಗಾಗಲಿಲ್ಲ. ಬಂಧಿತನಿಗೆ 17 ವರ್ಷವಾದ್ದರಿಂದ ಹೆಸರನ್ನು ಬಹಿರಂಗಪಡಿಸಲಿಲ್ಲ. ಅವನು ದೋಣಿಯಲ್ಲಿ ಬಂದ ವಲಸಿಗ ಎಂಬ ವದಂತಿ ಹಬ್ಬಿ ಮರುದಿನವೇ ಅಲ್ಲಿನ ಮಸೀದಿಯ ಮೇಲೆ ದಾಳಿಯಾಯಿತು. ಅವನು ಹುಟ್ಟಿದ್ದು ಬ್ರಿಟನ್ನಿನದೇ ನಗರವಾದ ಕಾರ್ಡಿಫ್‌ನಲ್ಲಿ.

ಹಾಗೆಂದು ಹಿಂಸೆಯ ಬಳಿಕ ರಾಜಕೀಯವನ್ನೇ ಮಾತನಾಡಬಾರದೆಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅದು ಸಾಮಾನ್ಯವಾಗಿ ಅಧಿಕಾರದಲ್ಲಿರುವವರ ಬಾಯಿಂದಲೇ ಬರುತ್ತದೆ. ಕಲ್ಲು ತೂರಿದವರು ಯಾರು ಎಂಬುದು ತನಿಖೆಗೂ ನ್ಯಾಯಾಲಯಕ್ಕೂ ಸೇರಿದ ಪ್ರಶ್ನೆ. ಮೆರವಣಿಗೆಗೆ ಸಾಕಷ್ಟು ಬಂದೋಬಸ್ತ್ ಏಕಿರಲಿಲ್ಲ ಎಂಬುದು ಸರ್ಕಾರವನ್ನು ಅಂದೇ ಕೇಳಬಹುದಾದ ಪ್ರಶ್ನೆ. ನಾಗಮಂಗಲದಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್ ಅಮಾನತಾದದ್ದು ಎರಡನೆಯದರ ಉತ್ತರ. ಆದರೆ ವಿರೋಧ ಪಕ್ಷಗಳು ‘ಪೂರ್ವಯೋಜಿತ’ ಎಂದು, ಸರ್ಕಾರದ ಕಡೆಯವರು ‘ಅಲ್ಲ’ ಎಂದು ಮರುದಿನವೇ ಹೇಳತೊಡಗಿದಾಗ ಎರಡೂ ಪ್ರಶ್ನೆಗಳು ಕಲಸಿಹೋದವು.

ಕಾನೂನಿನ ಮಾತನ್ನೂ ಸೇರಿಸುತ್ತೇನೆ. ಒಂದು ಸಮುದಾಯದ ಮೇಲೆ ಇನ್ನೊಂದನ್ನು ಎತ್ತಿಕಟ್ಟುವ ಉದ್ದೇಶದ ಸುಳ್ಳು ಸುದ್ದಿಯನ್ನು ಬರೆದವರಷ್ಟೇ ಅಲ್ಲ, ಹರಡಿದವರೂ ಭಾರತೀಯ ನ್ಯಾಯ ಸಂಹಿತೆಯ 353ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗಿನ ಶಿಕ್ಷೆಗೆ ಗುರಿಯಾಗಬಹುದು. ನಿಜವೆಂದು ನಂಬಲು ಸಕಾರಣವಿದ್ದು, ಕೆಟ್ಟ ಉದ್ದೇಶವಿಲ್ಲದೆ ಹಂಚಿದವರಿಗೆ ವಿನಾಯಿತಿಯಿದೆ. ಬೋರ್ಡಿನ ಅಕ್ಷರವನ್ನು ತೋರಿಸಿಕೊಟ್ಟ ಮೇಲೂ ಹಂಚಿದರೆ ಆ ವಿನಾಯಿತಿ ಉಳಿಯುವುದು ಕಷ್ಟ.

ಸತ್ಯಾಂಶ ಕಾಗದದ ಮೇಲೆ ಬರುವುದು ದೋಷಾರೋಪ ಪಟ್ಟಿಯಲ್ಲಿ. ಅಪರಾಧದ ಗಾಂಭೀರ್ಯಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ಅದನ್ನು ಸಲ್ಲಿಸದಿದ್ದರೆ ಬಂಧಿತರಿಗೆ ಜಾಮೀನಿನ ಹಕ್ಕು ದೊರೆಯುವುದರಿಂದ, ಪೊಲೀಸರು ಸಾಮಾನ್ಯವಾಗಿ ಆ ಗಡುವಿನೊಳಗೆ ಸಲ್ಲಿಸುತ್ತಾರೆ. ಅಷ್ಟು ಹೊತ್ತಿಗೆ ನಮ್ಮ ನೆಂಟರ ಗುಂಪಿನಲ್ಲಿ ಕನ್ನಂಬಾಡಿ ಕಟ್ಟೆಯ ಆ ದಿನದ ನೀರಿನ ಮಟ್ಟ ಎಷ್ಟು, ಗರಿಷ್ಠ ಮಟ್ಟವಾದ 124.80 ಅಡಿಗೆ ಇನ್ನೆಷ್ಟು ಬಾಕಿ ಎಂಬ ಚರ್ಚೆ ನಡೆಯುತ್ತಿರುತ್ತದೆ.